ಅಳತೆ ಬೇರೆಯಾದ ಎರಡು ಬಾಸ್ ಡ್ರಮ್‌ಗಳನ್ನು ಒಂದೇ ಡಬಲ್ ಕಿಕ್ ಸೆಟ್‌ಗೆ ಹೊಂದಿಸುವ ಬಗೆ

ಡಬಲ್ ಕಿಕ್, ಅಂದರೆ ಎರಡು ಕಾಲುಗಳಿಂದಲೂ ಬಾಸ್ ಡ್ರಮ್ ನುಡಿಸುವ ಆಸೆ ಹುಟ್ಟುವ ಹೊತ್ತಿಗೆ ಹೆಚ್ಚಿನ ಡ್ರಮ್ಮರ್‌ಗಳ ಬಳಿ ಇರುವುದು ಒಂದೇ ಬಾಸ್ ಡ್ರಮ್. ಅದೇ ತಯಾರಕರ, ಅದೇ ಅಳತೆಯ, ಅದೇ ಬಣ್ಣದ ಇನ್ನೊಂದು ಡ್ರಮ್ ಬಿಡಿಯಾಗಿ ಸಿಗುವುದು ಅಪರೂಪ; ಸೆಟ್ ಹಳೆಯದಾಗಿದ್ದರೆ ಆ ಮಾದರಿಯ ತಯಾರಿಕೆಯೇ ನಿಂತುಹೋಗಿರುವ ಸಾಧ್ಯತೆಯೂ ಉಂಟು. ಆಗ ಉಳಿಯುವ ದಾರಿಗಳು ಎರಡು: ಒಂದೇ ಡ್ರಮ್‌ಗೆ ಎರಡು ಬೀಟರ್‌ಗಳ (ಡ್ರಮ್ಮನ್ನು ಬಡಿಯುವ ಸುತ್ತಿಗೆಗಳ) ಡಬಲ್ ಪೆಡಲ್ ಹಾಕಿಕೊಳ್ಳುವುದು, ಇಲ್ಲವೇ ಯಾರೋ ಬಳಸಿ ಬಿಟ್ಟ, ಅಳತೆಯಲ್ಲಿ ಬೇರೆಯಾದ ಡ್ರಮ್ ಒಂದನ್ನು ತಂದು ಪಕ್ಕದಲ್ಲಿ ಇಟ್ಟುಕೊಳ್ಳುವುದು. ಎರಡನೆಯ ದಾರಿ ಹಿಡಿದವರಿಗಾಗಿ ಈ ಲೇಖನ.

ಜೋಡಿ ಡ್ರಮ್‌ಗಳು ಅವಳಿಗಳಾಗಿರಲೇಬೇಕು ಎಂಬ ನಿಯಮವೇನೂ ಇಲ್ಲ. ಜಾಜ್ ಡ್ರಮ್ಮರ್ ಲೂಯಿ ಬೆಲ್ಸನ್ ಶಾಲೆಯಲ್ಲಿ ಓದುತ್ತಿದ್ದಾಗಲೇ ಎರಡು ಬಾಸ್ ಡ್ರಮ್‌ಗಳಿರುವ ಸೆಟ್ಟಿನ ನಕ್ಷೆ ಬರೆದಿದ್ದರು. 1940ರ ದಶಕದಲ್ಲಿ ಅದನ್ನು ವೇದಿಕೆಗೂ ತಂದರು. 1960ರ ದಶಕದಲ್ಲಿ ಕ್ರೀಮ್ ತಂಡದ ಜಿಂಜರ್ ಬೇಕರ್ ನುಡಿಸಿದ ಲುಡ್ವಿಗ್ ಸೆಟ್ಟಿನಲ್ಲಿ ಒಂದು ಬಾಸ್ ಡ್ರಮ್ 20 ಇಂಚಿನದು, ಇನ್ನೊಂದು 22 ಇಂಚಿನದು. ಹಾಗಾಗಿ ಅಳತೆ ಹೊಂದದಿರುವುದನ್ನು ಬಡವರ ರಾಜಿ ಎಂದು ಭಾವಿಸಿ ಹಿಂಜರಿಯಬೇಕಾಗಿಲ್ಲ.

ಡಬಲ್ ಪೆಡಲ್‌ಗಿಂತ ಎರಡು ಡ್ರಮ್‌ಗಳಲ್ಲಿ ಒಂದು ಅನುಕೂಲವೂ ಇದೆ. ಒಂದೇ ಹೆಡ್ಡಿಗೆ (ಡ್ರಮ್ಮಿನ ಮೇಲೆ ಎಳೆದು ಕಟ್ಟಿದ ಹಾಳೆಗೆ) ಎರಡು ಬೀಟರ್‌ಗಳು ಬಡಿಯುತ್ತಿದ್ದರೆ, ಹಿಂದಿನ ಪೆಟ್ಟಿನಿಂದ ಇನ್ನೂ ಅದುರುತ್ತಿರುವ ಹೆಡ್ಡಿನ ಮೇಲೆಯೇ ಮುಂದಿನ ಪೆಟ್ಟು ಬೀಳುತ್ತದೆ. ಎರಡು ಡ್ರಮ್‌ಗಳಿದ್ದಾಗ ಪ್ರತಿ ಹೆಡ್ಡಿಗೂ ಸುಧಾರಿಸಿಕೊಳ್ಳಲು ಎರಡರಷ್ಟು ಸಮಯ ಸಿಗುತ್ತದೆ.

ಮೊದಲು ತೀರ್ಮಾನ, ಆಮೇಲೆ ಡ್ರಮ್ ಕೀ

ಎರಡೂ ಡ್ರಮ್‌ಗಳು ಕೇಳುಗರಿಗೆ ಒಂದೇ ಡ್ರಮ್ಮಿನಂತೆ ಕೇಳಬೇಕೋ ಅಥವಾ ಬೇರೆ ಬೇರೆ ಎಂದು ಸ್ಪಷ್ಟವಾಗಿ ಗೊತ್ತಾಗಬೇಕೋ ಎಂಬುದನ್ನು ಶ್ರುತಿ ಮಾಡುವ ಕೀ ಕೈಗೆತ್ತಿಕೊಳ್ಳುವ ಮೊದಲೇ ನಿರ್ಧರಿಸಬೇಕು. ಎರಡು ಕಾಲುಗಳಿಂದ ಸತತವಾಗಿ ಹದಿನಾರರ ಪೆಟ್ಟುಗಳನ್ನು (ಒಂದು ಬೀಟಿಗೆ ನಾಲ್ಕರಂತೆ) ಸುರಿಸುವ ಮೆಟಲ್ ಶೈಲಿಗೆ ಮೊದಲನೆಯದು ಬೇಕು. ಬಿಡಿಬಿಡಿಯಾದ ಪೆಟ್ಟುಗಳನ್ನು ಟಾಮ್‌ಗಳೊಂದಿಗೆ (ಕೋಲಿನಿಂದ ಬಡಿಯುವ ಡ್ರಮ್‌ಗಳೊಂದಿಗೆ) ಹೆಣೆಯುವವರಿಗೆ ಎರಡನೆಯದು ಸೊಗಸು. ಅವರಿಗೆ ಇನ್ನೊಂದು ಬಾಸ್ ಡ್ರಮ್ ಎಂದರೆ ಕಾಲಿನಲ್ಲಿ ನುಡಿಸುವ ಇನ್ನೊಂದು ಫ್ಲೋರ್ ಟಾಮ್ ಇದ್ದಂತೆ. ಕೆಡುವುದು ನಡುವಿನ ಸ್ಥಿತಿಯಲ್ಲಿ. ಪೂರ್ತಿ ಹೊಂದಿಯೂ ಇಲ್ಲದ, ಪೂರ್ತಿ ಬೇರೆಯೂ ಅಲ್ಲದ ಜೋಡಿಯ ಮೇಲೆ ವೇಗವಾಗಿ ನುಡಿಸಿದರೆ ಕುಂಟುವ ಕುದುರೆಯ ನಡಿಗೆಯಂತೆ ಕೇಳುತ್ತದೆ. ಕಾಲುಗಳು ಲಯದಲ್ಲಿ ನಿಖರವಾಗಿದ್ದರೂ ಕೇಳುಗರು ಡ್ರಮ್ಮರ್‌ನ ಎಡಗಾಲು ದುರ್ಬಲ ಎಂದೇ ತಿಳಿಯುತ್ತಾರೆ.

ಅಳತೆಗಳ ಅಂತರ ಈ ತೀರ್ಮಾನಕ್ಕೆ ದಾರಿ ತೋರಿಸುತ್ತದೆ. ಒಂದೇ ಬಗೆಯ ಹೆಡ್ಡನ್ನು ಒಂದೇ ಬಿಗಿತದಲ್ಲಿ ಎಳೆದು ಕಟ್ಟಿದರೆ ಅದರ ಮೂಲ ಸ್ವರದ ಕಂಪನಾಂಕ ವ್ಯಾಸಕ್ಕೆ ವಿಲೋಮವಾಗಿರುತ್ತದೆ: ವ್ಯಾಸ ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ಈ ಲೆಕ್ಕದಲ್ಲಿ 18 ಮತ್ತು 24 ಇಂಚಿನ ಡ್ರಮ್‌ಗಳ ನಡುವಿನ ಅಂತರ ಸರಿಯಾಗಿ ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವಷ್ಟು. 20 ಮತ್ತು 24 ಇಂಚಿನವುಗಳ ನಡುವೆ ಷಡ್ಜ ಮತ್ತು ಸಾಧಾರಣ ಗಾಂಧಾರದಷ್ಟು. 20 ಮತ್ತು 22 ಇಂಚಿನ ಜೋಡಿಯಲ್ಲಿ ಮಾತ್ರ ಅಂತರ ಅರ್ಧ ಸ್ವರಕ್ಕಿಂತ ಹೆಚ್ಚು, ಪೂರ್ಣ ಸ್ವರಕ್ಕಿಂತ ಕಡಿಮೆ; ಅದನ್ನು ಹಾಗೆಯೇ ಬಿಟ್ಟರೆ ಅಪಸ್ವರದಂತೆ ಕೇಳುತ್ತದೆ. ನಿಜವಾದ ಡ್ರಮ್ಮಿನಲ್ಲಿ ಎರಡು ಹೆಡ್‌ಗಳಿದ್ದು, ನಡುವಿನ ಗಾಳಿಯೂ ಅವುಗಳೊಂದಿಗೆ ಕಂಪಿಸುವುದರಿಂದ ಈ ಲೆಕ್ಕ ಕರಾರುವಾಕ್ಕಾಗಿ ಕೂಡುವುದಿಲ್ಲ, ಆದರೆ ಅಂದಾಜಿಗೆ ಸಾಕು. ಹಾಗಾಗಿ ನನ್ನ ಸಲಹೆ ಇದು: ವ್ಯಾಸದ ಅಂತರ 2 ಇಂಚಾಗಿದ್ದರೆ ಎರಡನ್ನೂ ಒಂದಾಗಿಸಲು ಶ್ರಮಿಸಿ, 4 ಇಂಚು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ವ್ಯತ್ಯಾಸವನ್ನೇ ಗುಣವೆಂದು ಒಪ್ಪಿಕೊಂಡು ಅದನ್ನು ಎತ್ತಿ ತೋರಿಸಿ. ವ್ಯಾಸ ಒಂದೇ ಇದ್ದು ಆಳ ಮಾತ್ರ 16 ಮತ್ತು 18 ಇಂಚು ಎಂದು ಬೇರೆಯಾಗಿದ್ದರೆ ಚಿಂತೆ ಇನ್ನೂ ಕಡಿಮೆ. ಶೆಲ್ (ಡ್ರಮ್ಮಿನ ಮರದ ಕೊಳವೆ) ಮೇಪಲ್‌ನದೋ ಬರ್ಚ್‌ನದೋ ಎಂಬ ಚರ್ಚೆಗೆ ಡ್ರಮ್ಮರ್‌ಗಳು ವ್ಯಯಿಸುವ ಉತ್ಸಾಹದಲ್ಲಿ ಕಾಲುಭಾಗವನ್ನು ಹೆಡ್‌ಗಳ ಆಯ್ಕೆಗೆ ವ್ಯಯಿಸಿದರೆ ಫಲ ಹೆಚ್ಚು.

ಕಿವಿಗೆ ನಿಜವಾಗಿ ಕೇಳುವುದು ಯಾವುದು

ಎರಡು ಡ್ರಮ್‌ಗಳನ್ನು ಹೊಂದಿಸಲು ಹೊರಟವರೆಲ್ಲ ಮೊದಲು ಕೈ ಹಾಕುವುದು ಶ್ರುತಿಗೆ. ವೇಗದ ಡಬಲ್ ಕಿಕ್‌ನ ಮಟ್ಟಿಗೆ ಅದು ಕೊನೆಯಲ್ಲಿ ಬರಬೇಕಾದ ಕೆಲಸ ಎಂಬುದು ನನ್ನ ಅನುಭವ. ಅದರ ಕಾರಣವನ್ನು ಲೆಕ್ಕ ಹಾಕಿಯೇ ನೋಡಬಹುದು.

ನಿಮಿಷಕ್ಕೆ 180 ಬೀಟ್‌ಗಳ ವೇಗದಲ್ಲಿ ಹದಿನಾರರ ಪೆಟ್ಟುಗಳನ್ನು ನುಡಿಸುವಾಗ ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ ಇರುವುದು ಸುಮಾರು 83 ಮಿಲಿಸೆಕೆಂಡು. ಬಾಸ್ ಡ್ರಮ್ಮಿನ ಮೂಲ ಸ್ವರ 60 ಹರ್ಟ್ಜ್ ಎಂದಿಟ್ಟುಕೊಂಡರೆ ಅಷ್ಟು ಸಮಯದಲ್ಲಿ ಹೆಡ್ ಐದೇ ಐದು ಸಲ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಐದು ಕಂಪನಗಳನ್ನು ಕೇಳಿ ಸ್ವರ ಇದೇ ಎಂದು ಗುರುತಿಸುವುದು ಕಿವಿಗೆ ಕಷ್ಟ. 60ಕ್ಕೂ 63ಕ್ಕೂ ವ್ಯತ್ಯಾಸ ಹೇಳುವುದಂತೂ ದೂರದ ಮಾತು. ಆದರೆ ಬೀಟರ್ ಹೆಡ್ಡನ್ನು ತಾಕಿದ ಕ್ಷಣದ 'ಟಕ್' ಎಂಬ ಸದ್ದು 2ರಿಂದ 5 ಕಿಲೋಹರ್ಟ್ಜ್‌ನ ಆಸುಪಾಸಿನಲ್ಲಿರುತ್ತದೆ, ಮತ್ತು ಕಿವಿ ಅತ್ಯಂತ ಚುರುಕಾಗಿರುವ ವಲಯವೂ ಅದೇ. ಒಂದು ಕಾಲಿನ ಪೆಟ್ಟು 'ಟಕ್' ಎಂದೂ ಇನ್ನೊಂದು 'ಡಬ್' ಎಂದೂ ಕೇಳಿದರೆ ಯಾವ ವೇಗದಲ್ಲಾದರೂ ಅದು ತಕ್ಷಣ ಗೊತ್ತಾಗುತ್ತದೆ. ಅದರ ನಂತರದ ಸ್ಥಾನ ನಾದ ಎಷ್ಟು ಹೊತ್ತು ಉಳಿಯುತ್ತದೆ ಎಂಬುದಕ್ಕೆ: ದೊಡ್ಡ ಡ್ರಮ್ಮಿನ ಮೊಳಗು ಇನ್ನೂ ಆರದಿರುವಾಗಲೇ ಚಿಕ್ಕದರ ಪೆಟ್ಟು ಬಿದ್ದರೆ ಅದು ಆ ಮೊಳಗಿನಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ ಹೊಂದಿಸುವ ಕ್ರಮ ಹೀಗಿರಲಿ: ಮೊದಲು ಪೆಟ್ಟಿನ ಸದ್ದು, ಆಮೇಲೆ ನಾದದ ಉಳಿಕೆ, ಕೊನೆಗೆ ಶ್ರುತಿ.

ಪೆಟ್ಟಿನ ಸದ್ದು ಒಂದಾಗಬೇಕಾದರೆ ಬೀಟರ್‌ಗಳು ಒಂದೇ ಬಗೆಯವಾಗಿದ್ದರೆ ಸಾಲದು, ಒಂದೇ ವಯಸ್ಸಿನವೂ ಆಗಿರಬೇಕು. ನನ್ನ 22 ಮತ್ತು 20 ಇಂಚಿನ ಜೋಡಿಯೊಂದಿಗೆ ವಾರಗಟ್ಟಲೆ ಗುದ್ದಾಡಿ, ಶೆಲ್‌ಗಳನ್ನೂ ಹೆಡ್‌ಗಳನ್ನೂ ಶಪಿಸಿ ಮುಗಿಸಿದ ಮೇಲೆ ಒಂದು ದಿನ ಎರಡು ಪೆಡಲ್‌ಗಳ ಬೀಟರ್‌ಗಳನ್ನು ಬಿಚ್ಚಿ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಬಲಗಾಲಿನದರ ಫೆಲ್ಟ್ ವರ್ಷಗಳ ಬಡಿತದಿಂದ ಗಟ್ಟಿಯಾಗಿ, ಮುಂಭಾಗ ನಾಣ್ಯದಷ್ಟು ಅಗಲ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಎಡಗಾಲಿನದು ಹೊಸದು, ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ಮೆತ್ತಗಿತ್ತು. ನಾನು ಶ್ರುತಿಯ ದೋಷ ಎಂದುಕೊಂಡಿದ್ದರ ಮುಕ್ಕಾಲುಪಾಲು ಒಂದೇ ಜೋಡಿಯ ಹೊಸ ಬೀಟರ್‌ಗಳನ್ನು ಹಾಕಿದೊಡನೆ ಮಾಯವಾಯಿತು. ಬೀಟರ್ ಬಡಿಯುವ ಜಾಗದಲ್ಲಿ ಅಂಟಿಸುವ ಪ್ಯಾಚ್‌ಗೂ ಇದೇ ಮಾತು ಅನ್ವಯಿಸುತ್ತದೆ: ಒಂದಕ್ಕೆ ಹಾಕಿದರೆ ಇನ್ನೊಂದಕ್ಕೂ ಅದೇ ದಪ್ಪದ್ದನ್ನು ಹಾಕಬೇಕು.

ಹೊಡೆಯುವ ಬದಿಯ ಹೆಡ್‌ಗಳೂ ಒಂದೇ ಮಾದರಿಯವಾಗಿರಲಿ, ಮತ್ತು ಎರಡನ್ನೂ ಒಂದೇ ದಿನ ಬದಲಾಯಿಸಿ. ರೆಮೋ ಪವರ್‌ಸ್ಟ್ರೋಕ್ 3 ಆಗಲಿ, ಎವಾನ್ಸ್ ಇಎಂಎಡಿ ಆಗಲಿ, ಬೇರೆ ಬೇರೆ ವ್ಯಾಸಗಳಲ್ಲಿ ಸಿಗುವ ಯಾವುದೇ ಮಾದರಿಯಾದರೂ ಆಗಬಹುದು. ಇಎಂಎಡಿಯ ಅನುಕೂಲವೆಂದರೆ ಅದರ ಅಂಚಿನಲ್ಲಿ ಹೊರಗಿನಿಂದಲೇ ಸಿಕ್ಕಿಸುವ ಫೋಮ್ ಉಂಗುರಗಳು ಎರಡು ಅಗಲಗಳಲ್ಲಿ ಬರುತ್ತವೆ. ದೊಡ್ಡ ಡ್ರಮ್ಮಿಗೆ ಅಗಲವಾದ ಉಂಗುರ, ಚಿಕ್ಕದಕ್ಕೆ ಕಿರಿದಾದದ್ದು ಎಂದು ಹಂಚಿದರೆ ನಾದದ ಉಳಿಕೆಯನ್ನು ಸಮಗೊಳಿಸುವ ಕೆಲಸ ಹೆಡ್ ಬಿಚ್ಚದೆಯೇ ಅರ್ಧ ಮುಗಿಯುತ್ತದೆ.

ಉಳಿದರ್ಧಕ್ಕೆ ದಿಂಬು, ಟವೆಲ್ ಅಥವಾ ಫೋಮ್ ತುಂಡನ್ನು ಡ್ರಮ್ಮಿನ ಒಳಗೆ ಇಡಬೇಕಾಗುತ್ತದೆ. ಎರಡಕ್ಕೂ ಒಂದೇ ಅಳತೆಯ ದಿಂಬು ಹಾಕುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು; ದೊಡ್ಡ ಡ್ರಮ್ ಹೆಚ್ಚು ಹೊತ್ತು ಮೊಳಗುವುದರಿಂದ ಅದಕ್ಕೆ ಹೆಚ್ಚು ತಡೆ ಬೇಕು. ಮೊದಲು ಚಿಕ್ಕದರಲ್ಲಿ ಮಡಿಸಿದ ಟವೆಲ್ ಒಂದನ್ನು ಹೊಡೆಯುವ ಹೆಡ್ಡಿಗೆ ತುಸುವೇ ತಾಗುವಂತೆ ಇಟ್ಟು ನಾದ ಸರಿಹೋದ ಮೇಲೆ, ದೊಡ್ಡದರಲ್ಲಿ ಅದೇ ಉಳಿಕೆ ಬರುವವರೆಗೆ ಬಟ್ಟೆಯನ್ನು ಸ್ವಲ್ಪಸ್ವಲ್ಪವೇ ಹೆಡ್ಡಿನತ್ತ ತಳ್ಳುತ್ತಾ ಹೋಗಬೇಕು. ಮುಂದಿನ, ಅಂದರೆ ಕೇಳುಗರತ್ತ ಇರುವ ಹೆಡ್ಡಿನಲ್ಲಿ ಒಂದಕ್ಕೆ ರಂಧ್ರವಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಈ ಎಲ್ಲ ಶ್ರಮವೂ ವ್ಯರ್ಥ. ರಂಧ್ರದಿಂದ ಗಾಳಿ ಹೊರಹೋಗುವ ಡ್ರಮ್ಮಿನ ನಾದ ಗಿಡ್ಡ, ಬೀಟರ್‌ನ ಮರುನೆಗೆತ ಕಡಿಮೆ. ಮುಚ್ಚಿದ ಡ್ರಮ್ಮಿನಲ್ಲಿ ಇವೆರಡೂ ಹೆಚ್ಚು. ಎರಡರಲ್ಲೂ ನಾಲ್ಕೈದು ಇಂಚಿನ ರಂಧ್ರ ಇರಲಿ, ಇಲ್ಲವೇ ಎರಡರಲ್ಲೂ ಬೇಡ.

ಶ್ರುತಿ ಮಾಡುವ ಕ್ರಮ

ಒಂದಾಗಿಸುವ ಉದ್ದೇಶವಿದ್ದರೆ ಶ್ರುತಿಯನ್ನು ಯಾವಾಗಲೂ ಚಿಕ್ಕ ಡ್ರಮ್ಮಿನಿಂದ ಆರಂಭಿಸಬೇಕು. ದೊಡ್ಡ ಡ್ರಮ್ಮಿನ ಸ್ವರವನ್ನು ಏರಿಸಲು ಅವಕಾಶ ಬಹಳಷ್ಟಿದೆ. ಚಿಕ್ಕದನ್ನು ಇಳಿಸಲು ಅಷ್ಟಿಲ್ಲ. ಒಂದು ಮಿತಿಯ ಕೆಳಗೆ ಅದರ ಹೆಡ್ ಸುಕ್ಕುಗಟ್ಟಿ, ನಾದ ಬಿಟ್ಟು ಪಟಪಟ ಎನ್ನತೊಡಗುತ್ತದೆ. ಆದ್ದರಿಂದ ಚಿಕ್ಕದರಲ್ಲಿ ಶುದ್ಧವಾಗಿ ನುಡಿಯುವ ಅತಿ ಕೆಳಗಿನ ಸ್ವರವನ್ನು ಹುಡುಕಿ, ದೊಡ್ಡದನ್ನು ಅಲ್ಲಿಗೆ ಏರಿಸಿ ತರುವುದು ವಿವೇಕ.

ಹೆಡ್ಡನ್ನು ಬಿಗಿಯುವ ತಿರುಪುಗಳಾದ ಟೆನ್ಷನ್ ರಾಡ್‌ಗಳನ್ನೆಲ್ಲ ಬೆರಳಿನಿಂದ ಎಷ್ಟು ತಿರುಗಿಸಲು ಸಾಧ್ಯವೋ ಅಷ್ಟು ಬಿಗಿ ಮಾಡಿ. ಅನಂತರ ಒಂದು ರಾಡ್ ಮುಗಿದ ಮೇಲೆ ಅದರ ನೇರ ಎದುರಿನದಕ್ಕೆ ಹೋಗುತ್ತಾ, ಪ್ರತಿ ಸಲವೂ ಕಾಲು ಸುತ್ತು ಮಾತ್ರ ತಿರುಗಿಸಿ. ಹೆಡ್ಡಿನ ಮಧ್ಯಕ್ಕೆ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಯಾವ ರಾಡ್ ಬಳಿ ಸುಕ್ಕು ಏಳುತ್ತದೋ ಅದು ಸಡಿಲವಾಗಿದೆ ಎಂದರ್ಥ. ಆ ಸುಕ್ಕು ಮಾಯವಾಗುವಷ್ಟು ಮಾತ್ರ ಅಲ್ಲಿ ಬಿಗಿ ಮಾಡಿ. ಸುತ್ತಲೂ ಸುಕ್ಕು ಮಾಯವಾದ ಮೇಲೆ ಇನ್ನೊಂದು ಕಾಲು ಸುತ್ತು ಸಾಕು. ಹೂಪ್‌ನಿಂದ (ಹೆಡ್ಡನ್ನು ಹಿಡಿದಿಡುವ ಬಳೆಯಿಂದ) ಎರಡು ಇಂಚು ಒಳಗೆ ಪ್ರತಿ ರಾಡ್ ಬಳಿ ಬೆರಳಿನಿಂದ ತಟ್ಟಿ, ಎಲ್ಲ ಕಡೆ ಒಂದೇ ಸ್ವರ ಬರುತ್ತಿದೆಯೇ ಎಂದು ನೋಡಿ.

ಈಗ ದೊಡ್ಡ ಡ್ರಮ್. 20 ಇಂಚಿನ ಡ್ರಮ್ಮಿನ ಸ್ವರಕ್ಕೆ 22 ಇಂಚಿನದನ್ನು ತರಬೇಕಾದರೆ, ವ್ಯಾಸಗಳ ಅನುಪಾತದ ವರ್ಗದಷ್ಟು, ಅಂದರೆ ಶೇ. 21ರಷ್ಟು ಹೆಚ್ಚು ಬಿಗಿತ ಬೇಕು. 20ಕ್ಕೆ 24 ಇಂಚಿನದನ್ನು ಹೊಂದಿಸಲು ಶೇ. 44ರಷ್ಟು. ನಾಲ್ಕು ಇಂಚಿನ ಅಂತರವನ್ನು ಮುಚ್ಚಲು ಹೋಗಬೇಡಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ: ಆ ಬಿಗಿತದಲ್ಲಿ 24 ಇಂಚಿನ ಡ್ರಮ್ ತನ್ನ ಗಾಂಭೀರ್ಯವನ್ನೇ ಕಳೆದುಕೊಳ್ಳುತ್ತದೆ. ಎರಡು ಇಂಚಿನ ಅಂತರಕ್ಕೂ ಇಡೀ ಏರಿಕೆಯನ್ನು ಹೊಡೆಯುವ ಹೆಡ್ಡಿನಿಂದಲೇ ಪಡೆಯುವುದು ಬೇಡ, ಏಕೆಂದರೆ ಆ ಹೆಡ್ ಬಿಗಿಯಾದಷ್ಟೂ ಬೀಟರ್ ಹೆಚ್ಚು ಪುಟಿದು ಎರಡು ಕಾಲುಗಳಿಗೂ ಬೇರೆ ಬೇರೆ ಅನುಭವವಾಗುತ್ತದೆ. ಹೊಡೆಯುವ ಹೆಡ್ಡನ್ನು ಸ್ವಲ್ಪವೇ ಏರಿಸಿ, ಉಳಿದದ್ದನ್ನು ಮುಂದಿನ ಹೆಡ್ಡಿನಿಂದ ಪಡೆಯಿರಿ. ಎರಡು ಹೆಡ್‌ಗಳೂ ನಡುವಿನ ಗಾಳಿಯ ಮೂಲಕ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಮುಂದಿನದನ್ನು ಬಿಗಿ ಮಾಡಿದರೂ ಡ್ರಮ್ಮಿನ ಒಟ್ಟು ಸ್ವರ ಏರುತ್ತದೆ, ಕಾಲಿಗೆ ಮಾತ್ರ ಅದು ಅಷ್ಟಾಗಿ ತಿಳಿಯುವುದಿಲ್ಲ. ಮುಂದಿನ ಹೆಡ್ಡಿನಲ್ಲಿರುವ ರಂಧ್ರ ದೊಡ್ಡದಾದಷ್ಟೂ ಈ ಉಪಾಯದ ಬಲ ಕುಗ್ಗುತ್ತದೆ.

ಸ್ವರಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಲೇಬೇಕೆಂಬ ಹಟ ಬೇಡ. ಎರಡರ ಸ್ವರವೂ ಒಂದೇ ಆಗಿಬಿಟ್ಟರೆ ಒಂದನ್ನು ಹೊಡೆದಾಗ ಇನ್ನೊಂದು ತಾನಾಗಿಯೇ ಅನುರಣಿಸುವುದು ಹೆಚ್ಚಾಗುತ್ತದೆ. ಹರ್ಟ್ಜ್ ಎರಡು ಮೂರರ ವ್ಯತ್ಯಾಸ ಉಳಿದರೆ ನಷ್ಟವೇನಿಲ್ಲ.

ಬೇರೆಯಾಗಿಯೇ ಕೇಳಿಸಬೇಕೆಂದು ನಿರ್ಧರಿಸಿದವರ ಕೆಲಸ ಸುಲಭ. ಎರಡನ್ನೂ ಅವುಗಳ ಸಹಜ ಬಿಗಿತದಲ್ಲಿ ಇಟ್ಟು, ಚಿಕ್ಕದರ ಹೆಡ್ಡನ್ನು ಇನ್ನೊಂದಿಷ್ಟು ಬಿಗಿ ಮಾಡಿ ಅಂತರವನ್ನು ಸ್ಪಷ್ಟಗೊಳಿಸಬಹುದು. ಆಗಲೂ ಬೀಟರ್‌ಗಳು ಒಂದೇ ಬಗೆಯವಾಗಿರಲಿ; ಸ್ವರ ಬೇರೆಯಾಗಿದ್ದು ಪೆಟ್ಟಿನ ಸದ್ದು ಒಂದೇ ಆಗಿದ್ದರೆ ಮಾತ್ರ ಅವು ಒಂದೇ ಸೆಟ್ಟಿನ ಡ್ರಮ್‌ಗಳೆಂದು ಅನಿಸುತ್ತದೆ.

ಕಾಲುಗಳಿಗೆ ವ್ಯತ್ಯಾಸ ತಿಳಿಯಬಾರದು

ಕಿವಿಗೆ ಬೇರೆಯಾಗಿದ್ದರೂ ಪರವಾಗಿಲ್ಲ, ಕಾಲಿಗೆ ಎರಡೂ ಒಂದೇ ಆಗಿರಬೇಕು. ಎರಡು ಪೆಡಲ್‌ಗಳೂ ಒಂದೇ ಮಾದರಿಯವಾದರೆ ಒಳ್ಳೆಯದು. ಸ್ಪ್ರಿಂಗ್ ಬಿಗಿಯುವ ತಿರುಪಿನಲ್ಲಿ ನಟ್‌ನ ಕೆಳಗೆ ಎಷ್ಟು ಎಳೆಗಳು ಹೊರಗೆ ಕಾಣುತ್ತವೆ ಎಂದು ಎಣಿಸಿ, ಇನ್ನೊಂದರಲ್ಲೂ ಅಷ್ಟೇ ಎಳೆಗಳು ಕಾಣುವಂತೆ ಮಾಡಿದರೆ ಹೊಂದಾಣಿಕೆಗೆ ಒಳ್ಳೆಯ ಆರಂಭ ಸಿಕ್ಕಂತೆ.

ತೊಡಕು ಇರುವುದು ಬೀಟರ್‌ನ ಎತ್ತರದಲ್ಲಿ. 22 ಇಂಚಿನ ಡ್ರಮ್ಮಿನ ಮಧ್ಯಬಿಂದು ಅದರ ತಳದಿಂದ 11 ಇಂಚು ಮೇಲಿದ್ದರೆ 20 ಇಂಚಿನದರಲ್ಲಿ ಅದು 10 ಇಂಚು ಮೇಲಿರುತ್ತದೆ. ಎರಡಕ್ಕೂ ಸರಿಯಾಗಿ ಮಧ್ಯದಲ್ಲೇ ಬೀಳಬೇಕೆಂದು ಬೀಟರ್‌ಗಳನ್ನು ಬೇರೆ ಬೇರೆ ಉದ್ದಕ್ಕೆ ಇಟ್ಟರೆ ಉದ್ದನೆಯದು ಭಾರವೆನಿಸಿ ನಿಧಾನವಾಗುತ್ತದೆ, ಗಿಡ್ಡನೆಯದು ಹಗುರವಾಗಿ ಮುಂದೋಡುತ್ತದೆ. ವೇಗದಲ್ಲಿ ಈ ವ್ಯತ್ಯಾಸ ಕಾಲನ್ನು ಕಾಡುತ್ತದೆ. ಎರಡೂ ಬೀಟರ್‌ಗಳನ್ನು ಒಂದೇ ಉದ್ದಕ್ಕೆ ಇಟ್ಟು, ದೊಡ್ಡದರಲ್ಲಿ ಮಧ್ಯಕ್ಕಿಂತ ಅರ್ಧ ಇಂಚು ಕೆಳಗೂ ಚಿಕ್ಕದರಲ್ಲಿ ಅರ್ಧ ಇಂಚು ಮೇಲೂ ಬೀಳುವಂತೆ ಮಾಡುವುದೇ ಲೇಸು. ಅರ್ಧ ಇಂಚು ಸರಿದ ಮಾತ್ರಕ್ಕೆ ನಾದ ಕೆಡುವುದಿಲ್ಲ. ಅಂತರ ನಾಲ್ಕು ಇಂಚಾದಾಗ ಈ ಹಂಚಿಕೆ ಸಾಲದು. ಚಿಕ್ಕ ಡ್ರಮ್ಮನ್ನು ನೆಲದಿಂದ ಎತ್ತಿ ಹಿಡಿಯುವ ರೈಸರ್ ಅನ್ನು ಹೂಪ್‌ಗೆ ಜೋಡಿಸಿ, ಪೆಡಲ್ ಅನ್ನು ಆ ರೈಸರ್‌ಗೆ ಕಚ್ಚಿಸಬೇಕಾಗುತ್ತದೆ.

ಜೋಡಿಸಿಡುವಾಗ ಮುಂದಿನ ಹೆಡ್‌ಗಳು ಒಂದೇ ಸಾಲಿನಲ್ಲಿ ನಿಂತು ಅಂದವಾಗಿ ಕಾಣಲಿ ಎಂಬ ಆಸೆ ಸಹಜವೇ. ಶೆಲ್‌ಗಳ ಆಳ ಬೇರೆಯಾಗಿದ್ದರೆ ಆ ಆಸೆಯನ್ನು ಬಿಡಬೇಕು. ಸಾಲಾಗಬೇಕಾದದ್ದು ಪೆಡಲ್ ಇರುವ ಬದಿ. ಒಂದು ದಾರವನ್ನು ಸ್ಟೂಲಿನ ಮಧ್ಯದಿಂದ ಬಲಗಾಲಿನ ಪೆಡಲ್‌ನ ಹಿಮ್ಮಡಿಯವರೆಗೆ ಎಳೆದು ಅಲ್ಲಿ ಗಂಟು ಹಾಕಿ, ಅದೇ ದಾರವನ್ನು ಎಡಕ್ಕೆ ತಿರುಗಿಸಿದಾಗ ಗಂಟು ಎಡ ಪೆಡಲ್‌ನ ಹಿಮ್ಮಡಿಗೆ ಸರಿಯಾಗಿ ಬರುವವರೆಗೆ ಡ್ರಮ್ಮನ್ನು ಸರಿಸಿ. ಎರಡೂ ಡ್ರಮ್‌ಗಳು ಸ್ನೇರ್‌ನಿಂದ ಹೊರಮುಖವಾಗಿ, ತೊಡೆಗಳು ಸಹಜವಾಗಿ ತೆರೆದುಕೊಳ್ಳುವಷ್ಟೇ ಕೋನದಲ್ಲಿರಲಿ. ಟಾಮ್‌ಗಳನ್ನು ಬಾಸ್ ಡ್ರಮ್‌ಗಳ ಮೇಲೆ ಕೂರಿಸುವುದಕ್ಕಿಂತ ಸ್ಟ್ಯಾಂಡ್‌ಗೆ ಹಾಕುವುದು ಮೇಲು, ಎತ್ತರ ಬೇರೆಯಾದ ಡ್ರಮ್‌ಗಳ ಮೇಲೆ ಅವು ಸಮನಾಗಿ ನಿಲ್ಲುವುದಿಲ್ಲ. ಎಡ ಪೆಡಲ್‌ನ ಪಕ್ಕದಲ್ಲಿ ಹೈ-ಹ್ಯಾಟ್‌ಗೆ ಜಾಗ ಸಾಲದಿದ್ದರೆ ಎರಡು ಕಾಲಿನ ಸ್ಟ್ಯಾಂಡ್ ಬಳಸಬಹುದು.

ದೊಡ್ಡದು ಯಾವ ಕಾಲಿಗೆ? ಬಲಗಾಲನ್ನು ಮುಖ್ಯವಾಗಿ ಬಳಸುವವರು ಅದನ್ನು ಬಲಕ್ಕೇ ಇಡಲಿ ಎಂಬುದು ನನ್ನ ನಿಲುವು. ಒಂಟಿ ಕಾಲಿನಲ್ಲಿ ನುಡಿಸುವ ಸಾಧಾರಣ ತಾಳಗಳೆಲ್ಲ ಆ ಡ್ರಮ್ಮಿನ ಮೇಲೆ ನಡೆಯುತ್ತವೆ, ಪರ್ಯಾಯ ಪೆಟ್ಟುಗಳಲ್ಲಿ ಬೀಟಿನ ಮೇಲೆ ಬೀಳುವುದೂ ಆ ಕಾಲೇ; ಗಂಭೀರ ನಾದ ಅಲ್ಲಿರುವುದು ಹಿತ. ಚಿಕ್ಕದು ಬೇಗ ನುಡಿಯುತ್ತದೆ, ಆದ್ದರಿಂದ ಬಲ ಕಡಿಮೆ ಇರುವ ಎಡಗಾಲಿಗೂ ಅದು ನೆರವಾಗುತ್ತದೆ.

ಮೈಕ್‌ಗಳ ಮುಂದೆ

ಡ್ರಮ್ಮರ್ ಕುಳಿತ ಜಾಗದಲ್ಲಿ ಕೇಳುವುದನ್ನು ಪೂರ್ತಿ ನಂಬುವಂತಿಲ್ಲ. ಯಾರಾದರೂ ಗೆಳೆಯರನ್ನು ಕೂರಿಸಿ ಒಂದೊಂದೇ ಪೆಟ್ಟು ಹೊಡೆಯಲು ಹೇಳಿ, ಮೂರು ಮೀಟರ್ ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ಯಾವುದು ಎಡ ಯಾವುದು ಬಲ ಎಂದು ಊಹಿಸಿ. ಆಮೇಲೆ ವೇಗವಾಗಿ ನುಡಿಸಲು ಹೇಳಿ. ಒಂಟಿ ಪೆಟ್ಟಿನಲ್ಲಿ ವ್ಯತ್ಯಾಸ ಗೊತ್ತಾಗಿ ವೇಗದಲ್ಲಿ ಗೊತ್ತಾಗದಿದ್ದರೆ ಹೊಂದಾಣಿಕೆ ಸಾಕಷ್ಟಾಗಿದೆ. ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರೆ ಹೆಡ್‌ಫೋನ್ ಹಾಕಿಯೇ ಕೇಳಬೇಕು. ಫೋನಿನ ಸ್ಪೀಕರ್ 60 ಹರ್ಟ್ಜ್ ಅನ್ನು ನುಡಿಸುವುದೇ ಇಲ್ಲ.

ವೇದಿಕೆಯಲ್ಲಾಗಲಿ ಸ್ಟುಡಿಯೋದಲ್ಲಾಗಲಿ ಎರಡು ಡ್ರಮ್‌ಗಳಿಗೂ ಒಂದೇ ಮಾದರಿಯ ಮೈಕ್ ಇದ್ದು, ಎರಡೂ ಹೊಡೆಯುವ ಹೆಡ್ಡಿನಿಂದ ಒಂದೇ ದೂರದಲ್ಲಿರಲಿ. ಶೆಲ್‌ಗಳ ಆಳ ಬೇರೆಯಾಗಿದ್ದರೆ ದೂರವನ್ನು ಮುಂದಿನ ರಂಧ್ರದಿಂದ ಅಳೆಯಬಾರದು. ಪ್ರತಿ ಮೈಕ್‌ಗೂ ಪಕ್ಕದ ಡ್ರಮ್ಮಿನ ಸದ್ದೂ ಕೇಳುವುದರಿಂದ, ಒಂದು ಚಾನೆಲ್‌ನ ಪೊಲ್ಯಾರಿಟಿಯನ್ನು (ಧ್ವನಿ ಸಂಕೇತದ ಏರಿಳಿತದ ದಿಕ್ಕನ್ನು) ತಿರುಗಿಸಿ, ಎರಡರಲ್ಲಿ ಯಾವ ಸ್ಥಿತಿಯಲ್ಲಿ ತಗ್ಗು ನಾದ ತುಂಬಿಕೊಂಡು ಬರುತ್ತದೋ ಅದನ್ನು ಉಳಿಸಿಕೊಳ್ಳಬೇಕು. ಎರಡನ್ನೂ ಎಡ-ಬಲಕ್ಕೆ ದೂರ ಹಂಚುವ ಆಸೆ ಬಂದರೂ ಮಧ್ಯದ ಆಸುಪಾಸಿನಲ್ಲೇ ಇಡುವುದು ಒಳ್ಳೆಯದು. ಹಂಚಿದಷ್ಟೂ ಇಷ್ಟು ಹೊತ್ತು ಮರೆಸಿದ ವ್ಯತ್ಯಾಸ ಮತ್ತೆ ಎದ್ದು ಕಾಣುತ್ತದೆ. ಹೊಡೆಯದಿರುವ ಡ್ರಮ್ಮಿನ ಅನುರಣನ ಹೆಚ್ಚೆನಿಸಿದರೆ ಮೆಲು ಸದ್ದನ್ನು ತಡೆಯುವ ಗೇಟ್ ಹಾಕಬಹುದು. ಪೆಟ್ಟು ಬಿದ್ದಾಗ ಮುದ್ರಿತ ಸದ್ದನ್ನು ನುಡಿಸುವ ಟ್ರಿಗರ್ ಬಳಸುವವರು ಎರಡಕ್ಕೂ ಒಂದೇ ಸ್ಯಾಂಪಲ್ ಬೆರೆಸಿದರೆ ಪೆಟ್ಟಿನ ಸದ್ದು ಪೂರ್ತಿ ಒಂದಾಗುತ್ತದೆ.

ಕಾರ್ಯಕ್ರಮದ ದಿನ ಸೌಂಡ್ ಇಂಜಿನಿಯರ್‌ಗೆ ಡ್ರಮ್‌ಗಳ ಅಳತೆ ಬೇರೆ ಬೇರೆ ಎಂಬುದನ್ನು ಮೊದಲೇ ತಿಳಿಸಿ. ಇಲ್ಲದಿದ್ದರೆ ಅವರು ಬಲಗಾಲಿನ ಡ್ರಮ್ಮಿಗೆ ಮಾಡಿದ ಇಕ್ಯೂ (ತಗ್ಗು, ಎತ್ತರದ ನಾದಗಳನ್ನು ಏರಿಸಿ ಇಳಿಸುವ ಹೊಂದಾಣಿಕೆ) ಅನ್ನೇ ಎಡಗಾಲಿನದಕ್ಕೂ ನಕಲು ಮಾಡುತ್ತಾರೆ. 22 ಇಂಚಿನ ಡ್ರಮ್ಮಿನಲ್ಲಿ ಮಂಕು ತೆಗೆದ ಅದೇ ಕಡಿತ 20 ಇಂಚಿನದರಲ್ಲಿ ಇರುವ ಅಲ್ಪಸ್ವಲ್ಪ ತೂಕವನ್ನೂ ತೆಗೆದುಬಿಡಬಹುದು. ಸೌಂಡ್ ಚೆಕ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ನುಡಿಸಿ ತೋರಿಸಿ, ಕೊನೆಗೆ ಕಾರ್ಯಕ್ರಮದಲ್ಲಿ ಬರುವ ಅತಿ ವೇಗದ ಭಾಗವನ್ನು ಹತ್ತು ಸೆಕೆಂಡಾದರೂ ನುಡಿಸಿ.